ಉಸಿರಾಟದ ಶಬ್ದಗಳು

ಉಸಿರಾಟದ ಶಬ್ದಗಳು ಎಂದರೆ ಶ್ವಾಸಮಾರ್ಗದಲ್ಲಿ ಗಾಳಿ ಚಲಿಸುವಾಗ ಉಂಟಾಗಿ, ಎದೆ, ಬೆನ್ನು ಅಥವಾ ಕುತ್ತಿಗೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಾಗ ಕೇಳಿಬರುವ ಧ್ವನಿಗಳು. ಇವುಗಳನ್ನು ಆಲಿಸಿ ಸಹಜವಾದುದು ಯಾವುದು, ಅಸಹಜವಾದುದು ಯಾವುದು ಎಂದು ಗುರುತಿಸುವುದು ವೈದ್ಯಕೀಯ ಪರೀಕ್ಷೆಯ ಮೂಲಭೂತ ಭಾಗವಾಗಿದೆ. ಎದೆಯ ಎಕ್ಸ್‌-ರೇ, ಸಿ.ಟಿ. ಸ್ಕ್ಯಾನ್ ಮತ್ತು ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಬಳಕೆಗೆ ಬಂದ ಮೇಲೂ ಈ ಪರೀಕ್ಷೆ ಉಳಿದುಕೊಂಡಿದೆ. ಗುಬ್ಬಿ, ಕುಣಿಗಲ್‌ನಂತಹ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿಯೂ ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ರೋಗಿಯನ್ನು ತುಮಕೂರಿಗೆ ಕಳುಹಿಸಬೇಕೆ, ಅಲ್ಲಿಯೇ ಚಿಕಿತ್ಸೆ ಕೊಡಬಹುದೆ ಎಂಬ ಮೊದಲ ತೀರ್ಮಾನಕ್ಕೆ ಇದು ಇಂದಿಗೂ ನೆರವಾಗುತ್ತದೆ.

ಶಬ್ದ ಎಷ್ಟು ಜೋರಾಗಿದೆ ಎಂಬುದಕ್ಕಿಂತ ಅದು ಉಸಿರಿನ ಯಾವ ಹಂತದಲ್ಲಿ ಕೇಳುತ್ತದೆ, ಎದೆಯ ಯಾವ ಭಾಗದಲ್ಲಿ ಕೇಳುತ್ತದೆ, ಎದುರು ಪಾರ್ಶ್ವದ ಅದೇ ಜಾಗದಲ್ಲಿ ಹೇಗಿದೆ ಎಂಬುದೇ ಮುಖ್ಯ. ಶಬ್ದವೇ ಇಲ್ಲದಿರುವುದು ಹಲವು ಸಂದರ್ಭಗಳಲ್ಲಿ ಶಬ್ದವಿರುವುದಕ್ಕಿಂತ ಅಪಾಯಕಾರಿ.

ಇತಿಹಾಸ

ಎದೆಗೆ ಕಿವಿಗೊಟ್ಟು ಕೇಳುವ ಪದ್ಧತಿ ಪ್ರಾಚೀನ ಗ್ರೀಕ್ ವೈದ್ಯರ ಕಾಲದಿಂದಲೂ ಇತ್ತು. ಅದಕ್ಕೊಂದು ಉಪಕರಣ ದೊರೆತದ್ದು 1816ರಲ್ಲಿ. ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯ ವೈದ್ಯ ರೆನೆ ಲೆನೆಕ್ ಹೃದ್ರೋಗದ ಲಕ್ಷಣಗಳಿದ್ದ ಯುವತಿಯೊಬ್ಬಳನ್ನು ಪರೀಕ್ಷಿಸುವಾಗ, ನೇರವಾಗಿ ಎದೆಗೆ ಕಿವಿ ಹಚ್ಚುವುದು ಸೂಕ್ತವಲ್ಲವೆಂದು ಕಾಗದವನ್ನು ಬಿಗಿಯಾಗಿ ಸುರುಳಿ ಸುತ್ತಿ ಅದರ ಮೂಲಕ ಆಲಿಸಿದರು. ನಂತರ ಮರದ ಕೊಳವೆಯನ್ನು ತಯಾರಿಸಿ, ತಾವು ಕೇಳಿದ ಶಬ್ದಗಳನ್ನು ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶ ಕಂಡ ಬಗೆಯೊಂದಿಗೆ ಹೋಲಿಸಿ 1819ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಎದೆಗೂಡಿನ ಅನೇಕ ಶಬ್ದಗಳಿಗೆ ಇಂದಿಗೂ ಬಳಕೆಯಲ್ಲಿರುವ ಹೆಸರುಗಳು ಅವರವೇ. ಅವರು 1826ರಲ್ಲಿ ಕ್ಷಯರೋಗದಿಂದ ನಿಧನರಾದರು. ಎರಡೂ ಕಿವಿಗೆ ಹಾಕಿಕೊಳ್ಳುವ ಸ್ಟೆತೊಸ್ಕೋಪ್ 1850ರ ದಶಕದಲ್ಲಿ ರೂಢಿಗೆ ಬಂದಿತು.

ಆಲಿಸುವುದರ ಜೊತೆಗೆ ಬೆರಳಿನಿಂದ ಎದೆ ತಟ್ಟಿ ನೋಡುವ ವಿಧಾನವನ್ನು ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಎನ್‌ಬ್ರುಗ್ಗರ್ 1761ರಲ್ಲಿ ವಿವರಿಸಿದ್ದರು. ಅವರ ತಂದೆ ವಸತಿಗೃಹ ನಡೆಸುತ್ತಿದ್ದರು. ಪೀಪಾಯಿಯನ್ನು ತಟ್ಟಿ ಒಳಗೆ ಎಷ್ಟು ಮದ್ಯವಿದೆ ಎಂದು ತಿಳಿಯುವ ರೂಢಿಯೇ ಈ ವಿಧಾನಕ್ಕೆ ಪ್ರೇರಣೆ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ತಿಪಟೂರು, ಗುಬ್ಬಿ ಸೀಮೆಯ ರೈತರಿಗೆ ಇಂತಹ ಪರೀಕ್ಷೆ ಹೊಸದೇನಲ್ಲ. ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟ ತೆಂಗಿನಕಾಯಿಯನ್ನು ಅಲುಗಾಡಿಸಿ, ನೀರು ಇಂಗಿದೆಯೆ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿದೆಯೆ ಎಂಬುದನ್ನು ಒಡೆಯದೆಯೇ ಶಬ್ದದಿಂದ ತಿಳಿಯುತ್ತಾರೆ. ಎದೆಯಲ್ಲಿಯೂ ಗಾಳಿ ತುಂಬಿದ ಜಾಗ, ನೀರು ತುಂಬಿದ ಜಾಗ ಮತ್ತು ಗಟ್ಟಿಯಾದ ಜಾಗ ಬೇರೆ ಬೇರೆ ನಾದವನ್ನು ಕೊಡುತ್ತವೆ.

ಶಬ್ದ ಉಂಟಾಗುವ ಬಗೆ

ದೊಡ್ಡ ಶ್ವಾಸನಾಳಗಳಲ್ಲಿ ಗಾಳಿ ವೇಗವಾಗಿ, ಸುಳಿಗೊಳ್ಳುತ್ತಾ ಸಾಗುತ್ತದೆ. ಶಬ್ದ ಹುಟ್ಟುವುದು ಅಲ್ಲಿಯೇ. ಕವಲೊಡೆಯುತ್ತಾ ಹೋದಂತೆ ನಾಳಗಳ ಒಟ್ಟು ವಿಸ್ತಾರ ಹೆಚ್ಚಿ ಗಾಳಿಯ ವೇಗ ತಗ್ಗುತ್ತದೆ. ಕೊನೆಯ ಗಾಳಿಗೂಡುಗಳಲ್ಲಿ ಅದು ಬಹುತೇಕ ನಿಶ್ಶಬ್ದವಾಗಿ ಹರಡುತ್ತದೆ. ಹೀಗಾಗಿ ಎದೆಯ ಮೇಲೆ ಕೇಳುವ ಮೃದುವಾದ ಶಬ್ದ ಗಾಳಿಗೂಡುಗಳದ್ದೆಂಬ ಹಳೆಯ ನಂಬಿಕೆ ಸರಿಯಲ್ಲ. ದೊಡ್ಡ ಮತ್ತು ನಡುಗಾತ್ರದ ನಾಳಗಳ ಶಬ್ದವು ಗಾಳಿ ತುಂಬಿದ, ಸ್ಪಂಜಿನಂತಹ ಶ್ವಾಸಕೋಶವನ್ನು ದಾಟಿ ಬರುವಾಗ ಅದರ ಏರುಸ್ಥಾಯಿಯ ಅಂಶ ಸೋಸಿಹೋಗುತ್ತದೆ. ಆ ಭಾಗ ಕೀವು ಅಥವಾ ದ್ರವದಿಂದ ಗಟ್ಟಿಯಾದರೆ ಸೋಸುವಿಕೆ ನಿಲ್ಲುತ್ತದೆ, ನಾಳದ ಒರಟು ಶಬ್ದ ಹಾಗೆಯೇ ಹೊರಗೆ ಕೇಳುತ್ತದೆ. ಶ್ವಾಸಕೋಶಕ್ಕೂ ಎದೆಗೋಡೆಗೂ ನಡುವೆ ನೀರು ಅಥವಾ ಗಾಳಿ ಸೇರಿಕೊಂಡರೆ ಶಬ್ದ ಹೊರಗೆ ತಲುಪುವುದೇ ಇಲ್ಲ. ಮುಂದೆ ವಿವರಿಸುವ ವ್ಯತ್ಯಾಸಗಳಲ್ಲಿ ಹೆಚ್ಚಿನವು ಈ ಒಂದು ಸಂಗತಿಯಿಂದಲೇ ಅರ್ಥವಾಗುತ್ತವೆ.

ಆಲಿಸುವ ಕ್ರಮ

ರೋಗಿ ಸಾಧ್ಯವಾದರೆ ನೇರವಾಗಿ ಕುಳಿತು, ಬಾಯಿ ತೆರೆದು, ಸಹಜಕ್ಕಿಂತ ಸ್ವಲ್ಪ ಆಳವಾಗಿ ಉಸಿರಾಡಬೇಕು. ಸ್ಟೆತೊಸ್ಕೋಪಿನ ಬಿಲ್ಲೆಯನ್ನು ಚರ್ಮದ ಮೇಲೆಯೇ ಇಡಬೇಕು. ಬಟ್ಟೆಯ ಮೇಲಿಟ್ಟರೆ ಅದರ ಉಜ್ಜಾಟವೇ ರೋಗದ ಶಬ್ದದಂತೆ ಕೇಳಬಹುದು. ರೋಮವಿರುವ ಎದೆಯಲ್ಲಿ ಬಿಲ್ಲೆಯನ್ನು ಗಟ್ಟಿಯಾಗಿ ಒತ್ತದಿದ್ದರೆ ಚಿಟಪಟ ಶಬ್ದ ಬಂದು ಕಲಿಯುವವರನ್ನು ದಾರಿ ತಪ್ಪಿಸುತ್ತದೆ. ಕೊರಳೆಲುಬಿನ ಮೇಲ್ಭಾಗದಿಂದ ಆರಂಭಿಸಿ ಎಡ, ಬಲ, ಎಡ, ಬಲ ಎಂದು ಹೋಲಿಸುತ್ತಾ ಕೆಳಗಿಳಿಯಬೇಕು. ಒಂದು ಪಾರ್ಶ್ವವನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಹೋಲಿಕೆ ಮನಸ್ಸಿನಲ್ಲಿ ಉಳಿಯುವುದಿಲ್ಲ. ಪ್ರತಿ ಜಾಗದಲ್ಲಿಯೂ ಕನಿಷ್ಠ ಒಂದು ಪೂರ್ಣ ಉಸಿರನ್ನು, ಅಂದರೆ ಒಳಗೆಳೆಯುವ ಉಚ್ಛ್ವಾಸ ಮತ್ತು ಹೊರಬಿಡುವ ನಿಶ್ವಾಸ ಎರಡನ್ನೂ ಕೇಳಬೇಕು. ರೋಗಿಗೆ ತಲೆ ಸುತ್ತಿದರೆ ನಡುವೆ ವಿರಾಮ ಕೊಡಬೇಕು.

ಬೆನ್ನಿನ ಕಡೆಯಿಂದ ಕೇಳುವುದು ಹೆಚ್ಚಾಗಿ ಶ್ವಾಸಕೋಶದ ಕೆಳಹಾಲೆ. ಬಲ ಶ್ವಾಸಕೋಶದ ನಡುಹಾಲೆ ಎದೆಯ ಮುಂಭಾಗದಲ್ಲಿ ಮತ್ತು ಕಂಕುಳಿನ ಕೆಳಗೆ ಮಾತ್ರ ಸಿಗುತ್ತದೆ. ಬೆನ್ನನ್ನಷ್ಟೇ ಪರೀಕ್ಷಿಸಿ ಮುಗಿಸುವವರಿಗೆ ಆ ಹಾಲೆಯ ನ್ಯುಮೋನಿಯಾ ತಪ್ಪಿಹೋಗುವುದು ಆಶ್ಚರ್ಯವಲ್ಲ. ಶಬ್ದ ಅನುಮಾನಾಸ್ಪದವಾಗಿದ್ದರೆ ರೋಗಿಗೆ ಕೆಮ್ಮಲು ಹೇಳಿ ಮತ್ತೆ ಕೇಳಬೇಕು: ಕಫದಿಂದ ಬಂದ ಶಬ್ದ ಕೆಮ್ಮಿದ ಮೇಲೆ ಬದಲಾಗುತ್ತದೆ ಅಥವಾ ಮಾಯವಾಗುತ್ತದೆ.

ಸಹಜ ಶಬ್ದಗಳು

ಆರೋಗ್ಯವಂತರ ಎದೆಯ ಬಹುಭಾಗದಲ್ಲಿ ಕೇಳುವುದು ವೆಸಿಕ್ಯುಲರ್ ಶಬ್ದ. ಇದು ಮೃದು, ತಗ್ಗಿದ ಸ್ಥಾಯಿಯದು. ಅಡಿಕೆ ತೋಟದ ಗರಿಗಳ ನಡುವೆ ಗಾಳಿ ಸುಳಿದಂತೆ ಇರುತ್ತದೆ. ಉಚ್ಛ್ವಾಸದುದ್ದಕ್ಕೂ ಕೇಳಿಸಿ, ನಡುವೆ ಬಿಡುವಿಲ್ಲದೆ ನಿಶ್ವಾಸದ ಮೊದಲ ಭಾಗದಲ್ಲಿಯೇ ಮರೆಯಾಗುತ್ತದೆ. ನಿಶ್ವಾಸ ಅಲ್ಲಿಗೆ ಮುಗಿದಿರುವುದಿಲ್ಲ, ಅದರ ಉಳಿದ ಭಾಗ ಕೇಳಿಸುವುದಿಲ್ಲ ಅಷ್ಟೆ.

ಬ್ರಾಂಕಿಯಲ್ ಶಬ್ದ ಒರಟಾದುದು, ಟೊಳ್ಳಾದುದು. ಒಲೆ ಊದುವ ಊದುಗೊಳವೆಯೊಳಗೆ ಗಾಳಿ ಹಾಯಿಸಿದಂತೆ ಕೇಳುತ್ತದೆ. ಉಚ್ಛ್ವಾಸ ಮತ್ತು ನಿಶ್ವಾಸಗಳ ನಡುವೆ ಸ್ಪಷ್ಟವಾದ ಬಿಡುವಿದ್ದು, ನಿಶ್ವಾಸವು ಉಚ್ಛ್ವಾಸದಷ್ಟೇ ಅಥವಾ ಅದಕ್ಕಿಂತ ದೀರ್ಘವಾಗಿರುತ್ತದೆ. ಕುತ್ತಿಗೆಯ ಶ್ವಾಸನಾಳದ ಮೇಲೆ ಇದನ್ನೇ ಹೋಲುವ ಶಬ್ದ ಸಹಜ, ಮತ್ತು ಕಲಿಯುವವರು ತಮ್ಮ ಕುತ್ತಿಗೆಯ ಮೇಲೆಯೇ ಕೇಳಿ ಅಭ್ಯಾಸ ಮಾಡಬಹುದು. ಇವೆರಡರ ನಡುವಿನ ಮಿಶ್ರ ಶಬ್ದವು ಎದೆಮೂಳೆಯ ಮೇಲ್ಭಾಗದ ಅಕ್ಕಪಕ್ಕ ಹಾಗೂ ಹೆಗಲ ಮೂಳೆಗಳ ನಡುವೆ ಕೇಳುತ್ತದೆ.

ಸಹಜ ಶಬ್ದವೇ ತಪ್ಪು ಜಾಗದಲ್ಲಿ ಕೇಳಿದರೆ ಅದು ರೋಗಸೂಚಕ. ಕುತ್ತಿಗೆಯಲ್ಲಿ ಕೇಳಬೇಕಾದ ಊದುಗೊಳವೆಯ ಶಬ್ದ ಬೆನ್ನಿನ ಕೆಳಭಾಗದಲ್ಲಿ, ಅದೂ ಒಂದೇ ಪಾರ್ಶ್ವದಲ್ಲಿ ಕೇಳಿದರೆ ಅಲ್ಲಿ ಶ್ವಾಸಕೋಶ ಗಟ್ಟಿಯಾಗಿದೆ ಎಂದರ್ಥ. ಜ್ವರ, ಕೆಮ್ಮು ಇದ್ದರೆ ಮೊದಲ ಅನುಮಾನ ನ್ಯುಮೋನಿಯಾ.

ಅಸಹಜ ಶಬ್ದಗಳು

ರೋಗಿಗಳು ಈ ಶಬ್ದಗಳಿಗೆ ತಮ್ಮದೇ ಹೆಸರುಗಳನ್ನು ಇಟ್ಟುಕೊಂಡಿರುತ್ತಾರೆ. ಹಳೆಯ ಮೈಸೂರು ಭಾಗದಲ್ಲಿ 'ಎದೆ ಸುಯ್ ಸುಯ್ ಅನ್ನುತ್ತೆ', 'ಗೊರ ಗೊರ ಅನ್ನುತ್ತೆ', 'ಗೂರಲು ಬಂದಿದೆ', 'ದಮ್ಮು ಕಟ್ಟುತ್ತೆ' ಎಂಬ ಮಾತುಗಳು ಸಾಮಾನ್ಯ. 'ಸುಯ್' ಎನ್ನುವುದು ಬಹುಮಟ್ಟಿಗೆ ವೀಜ್ ಶಬ್ದಕ್ಕೂ, 'ಗೊರ ಗೊರ' ಎನ್ನುವುದು ಕಫದ ಶಬ್ದಕ್ಕೂ ಹೊಂದಿಕೊಳ್ಳುತ್ತದೆ. ಆದರೆ 'ದಮ್ಮು' ಎಂಬ ಒಂದೇ ಮಾತು ಆಸ್ತಮಾವನ್ನೂ ಹೃದಯ ವೈಫಲ್ಯದ ಏದುಸಿರನ್ನೂ ಒಳಗೊಳ್ಳುತ್ತದೆ. ಈ ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಆದ್ದರಿಂದ ಪದವನ್ನಷ್ಟೇ ನಂಬಿ ಮುಂದುವರಿಯಲಾಗುವುದಿಲ್ಲ.

ವೀಜ್ ಎಂಬುದು ಸಿಳ್ಳಿನಂತಹ, ಎಳೆದ ನಾದ. ಕಿರಿದಾದ ಶ್ವಾಸನಾಳದ ಗೋಡೆಗಳು ಗಾಳಿಯ ರಭಸಕ್ಕೆ ಕಂಪಿಸಿ ಇದು ಹುಟ್ಟುತ್ತದೆ. ಸಾಮಾನ್ಯವಾಗಿ ನಿಶ್ವಾಸದಲ್ಲಿ ಹೆಚ್ಚು. ಆಸ್ತಮಾ ಮತ್ತು ದೀರ್ಘಕಾಲದ ಶ್ವಾಸನಾಳ ಅಡಚಣೆಯ ಕಾಯಿಲೆಯಾದ ಸಿ.ಒ.ಪಿ.ಡಿ.ಗಳಲ್ಲಿ ಎದೆಯ ಎಲ್ಲೆಡೆ ಅನೇಕ ಸ್ಥಾಯಿಗಳಲ್ಲಿ ಕೇಳುತ್ತದೆ. ತಗ್ಗಿದ ಸ್ಥಾಯಿಯ, ಗೊರಕೆಯನ್ನು ಹೋಲುವ ನಾದವನ್ನು ರಾಂಕೈ ಎನ್ನುತ್ತಾರೆ. ಇದು ಹೆಚ್ಚಾಗಿ ದೊಡ್ಡ ನಾಳಗಳಲ್ಲಿನ ಕಫದ್ದು. ಒಂದೇ ಜಾಗದಲ್ಲಿ, ಒಂದೇ ಸ್ಥಾಯಿಯಲ್ಲಿ, ಕೆಮ್ಮಿದರೂ ಬದಲಾಗದೆ ಕೇಳುವ ವೀಜ್ ಬೇರೆಯೇ ವಿಷಯ. ಅಲ್ಲಿ ನಾಳಕ್ಕೆ ಏನೋ ಅಡ್ಡ ಬಂದಿದೆ: ವಯಸ್ಕರಲ್ಲಿ ಗಡ್ಡೆ, ಚಿಕ್ಕ ಮಕ್ಕಳಲ್ಲಿ ನುಂಗುವಾಗ ದಾರಿ ತಪ್ಪಿದ ಕಡಲೆಕಾಯಿ ಬೀಜ ಅಥವಾ ಹುಣಸೆ ಬೀಜ ಇರಬಹುದು. ಮಗು ಮೊದಲು ಒಮ್ಮೆ ಜೋರಾಗಿ ಕೆಮ್ಮಿ ಸುಮ್ಮನಾಗುವುದರಿಂದ ಮನೆಯವರು ಘಟನೆಯನ್ನೇ ಮರೆತಿರುತ್ತಾರೆ, ವಾರಗಟ್ಟಲೆ ಆಸ್ತಮಾ ಎಂದು ಔಷಧ ನಡೆಯುವುದೂ ಉಂಟು. ಒಂದು ಪಾರ್ಶ್ವದಲ್ಲಿ ಮಾತ್ರ ವೀಜ್ ಇದ್ದು ಅಲ್ಲಿ ಉಸಿರಿನ ಶಬ್ದವೂ ತಗ್ಗಿದ್ದರೆ ಏನಾದರೂ ತಿನ್ನುವಾಗ ಕೆಮ್ಮು ಬಂದಿತ್ತೆ ಎಂದು ಕೇಳಲೇಬೇಕು.

ಕ್ರ್ಯಾಕಲ್‌ಗಳು ಬಿಡಿಬಿಡಿಯಾದ, ಕ್ಷಣಮಾತ್ರದ ಚಿಟಪಟ ಶಬ್ದಗಳು. ಸೂಕ್ಷ್ಮ ಕ್ರ್ಯಾಕಲ್ ಸುಮಾರು 5 ಮಿಲಿಸೆಕೆಂಡಿನಷ್ಟು, ಒರಟು ಕ್ರ್ಯಾಕಲ್ ಸುಮಾರು 15 ಮಿಲಿಸೆಕೆಂಡಿನಷ್ಟು ಇರುತ್ತದೆ. ಕಾದ ಪಾತ್ರೆಯಲ್ಲಿ ಉಪ್ಪು ಸಿಡಿಯುವ ಸದ್ದಿಗೆ ಲೆನೆಕ್ ಇದನ್ನು ಹೋಲಿಸಿದ್ದರು. ಕಿವಿಯ ಬಳಿ ಕೂದಲಿನ ಎಳೆಗಳನ್ನು ಬೆರಳುಗಳ ನಡುವೆ ಹೊಸೆದರೆ ಸೂಕ್ಷ್ಮ ಕ್ರ್ಯಾಕಲ್‌ನ ಅಂದಾಜು ಸಿಗುತ್ತದೆ. ಮುಚ್ಚಿಕೊಂಡಿದ್ದ ಸಣ್ಣ ನಾಳಗಳು ಉಸಿರು ಒಳಬಂದಾಗ ಥಟ್ಟನೆ ತೆರೆದುಕೊಳ್ಳುವುದೇ ಇದಕ್ಕೆ ಕಾರಣ. ಒರಟು ಕ್ರ್ಯಾಕಲ್ ನೀರಿನಲ್ಲಿ ಗುಳ್ಳೆ ಒಡೆದಂತೆ ಕೇಳುತ್ತದೆ. ಬ್ರಾಂಕೈಟಿಸ್ ಮತ್ತು ನಾಳಗಳು ಹಿಗ್ಗಿ ಕಫ ನಿಲ್ಲುವ ಕಾಯಿಲೆಗಳಲ್ಲಿ ಸಾಮಾನ್ಯ.

ಸೂಕ್ಷ್ಮ ಕ್ರ್ಯಾಕಲ್ ಎರಡೂ ಪಾರ್ಶ್ವಗಳ ತಳಭಾಗದಲ್ಲಿ ಕೇಳಿ, ರೋಗಿಗೆ ಕಾಲು ಊತ ಹಾಗೂ ಮಲಗಿದಾಗ ಏದುಸಿರು ಇದ್ದರೆ ಹೃದಯ ವೈಫಲ್ಯದ ಸಾಧ್ಯತೆ ಹೆಚ್ಚು. ಅದೇ ಜಾಗದಲ್ಲಿ, ಉಚ್ಛ್ವಾಸದ ಕೊನೆಯಲ್ಲಿ, ಚಪ್ಪಲಿಯ ವೆಲ್ಕ್ರೋ ಪಟ್ಟಿಯನ್ನು ಬಿಡಿಸಿದಂತೆ ಕೇಳಿದರೆ ಶ್ವಾಸಕೋಶದ ಅಂಗಾಂಶ ಗಾಯಕಟ್ಟಿ ಬಿರುಸಾಗುವ ಫೈಬ್ರೋಸಿಸ್ ಕಾಯಿಲೆಯನ್ನು ಯೋಚಿಸಬೇಕು. ಶ್ವಾಸಕೋಶದ ತುದಿಯಲ್ಲಿ, ಅಂದರೆ ಕೊರಳೆಲುಬಿನ ಸುತ್ತ, ಕೆಮ್ಮಿದ ಮೇಲೆ ಕ್ರ್ಯಾಕಲ್ ಕೇಳಿಬಂದರೆ ಕ್ಷಯದ ಅನುಮಾನ ಬರಬೇಕು. ಆರೋಗ್ಯವಂತ ವೃದ್ಧರಲ್ಲಿಯೂ, ಬಹಳ ಹೊತ್ತು ಮಲಗಿದ್ದವರಲ್ಲಿಯೂ ಮೊದಲ ಕೆಲವು ಉಸಿರುಗಳಲ್ಲಿ ತಳಭಾಗದ ಕ್ರ್ಯಾಕಲ್ ಕೇಳಿ ನಂತರ ಮರೆಯಾಗುವುದುಂಟು.

ಸ್ಟ್ರೈಡರ್ ಕುತ್ತಿಗೆಯ ಮೇಲೆ ಅತಿ ಜೋರಾಗಿ, ಉಚ್ಛ್ವಾಸದಲ್ಲಿ ಕೇಳುವ ಕರ್ಕಶ ನಾದ. ಸ್ಟೆತೊಸ್ಕೋಪ್ ಇಲ್ಲದೆಯೇ ದೂರದಿಂದ ಕೇಳಿಸಬಹುದು. ಗಂಟಲು ಅಥವಾ ಮೇಲಿನ ಶ್ವಾಸನಾಳ ಕಿರಿದಾಗಿದೆ ಎಂಬ ಸೂಚನೆ ಇದಾಗಿರುವುದರಿಂದ ತುರ್ತು ಸ್ಥಿತಿಯೆಂದೇ ಪರಿಗಣಿಸಬೇಕು. ಇದನ್ನು ವೀಜ್ ಎಂದು ತಪ್ಪಾಗಿ ಗ್ರಹಿಸುವುದು ಅಪಾಯಕಾರಿ. ಶ್ವಾಸಕೋಶದ ಪೊರೆಗಳು ಉರಿಯೂತದಿಂದ ಒರಟಾಗಿ ಒಂದಕ್ಕೊಂದು ಉಜ್ಜಿದಾಗ ಹೊಸ ಚರ್ಮದ ಚಪ್ಪಲಿ ಕಿರುಗುಟ್ಟಿದಂತಹ ಶಬ್ದ ಬರುತ್ತದೆ. ಇದು ಉಸಿರಿನ ಎರಡೂ ಹಂತಗಳಲ್ಲಿ ಕೇಳುತ್ತದೆ, ಕೆಮ್ಮಿದರೆ ಬದಲಾಗುವುದಿಲ್ಲ, ಉಸಿರು ಹಿಡಿದರೆ ನಿಲ್ಲುತ್ತದೆ.

ನಿಶ್ಶಬ್ದ ಎದೆ

ತೀವ್ರ ಆಸ್ತಮಾದಲ್ಲಿ ನಾಳಗಳು ಎಷ್ಟು ಬಿಗಿಯಾಗುತ್ತವೆಂದರೆ ಸಿಳ್ಳು ಹುಟ್ಟುವಷ್ಟು ಗಾಳಿಯೂ ಹರಿಯುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಜೋರಾಗಿದ್ದ ವೀಜ್ ನಿಂತು, ರೋಗಿ ಮಾತನಾಡಲಾರದೆ ಬಳಲಿ ತೂಕಡಿಸತೊಡಗಿದರೆ ಅದು ಸುಧಾರಣೆಯಲ್ಲ, ಉಸಿರಾಟ ನಿಲ್ಲುವ ಮುನ್ಸೂಚನೆ. ಸುಯ್ಗುಟ್ಟುವುದು ನಿಂತಿತೆಂದು ಮನೆಯವರು ಸಮಾಧಾನಪಡುವ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕಾದ ಕ್ಷಣವಾಗಿರಬಹುದು.

ಒಂದೇ ಪಾರ್ಶ್ವದಲ್ಲಿ ಶಬ್ದವಿಲ್ಲದಿದ್ದರೆ ತಟ್ಟಿ ನೋಡಬೇಕು. ಕಲ್ಲನ್ನು ತಟ್ಟಿದಂತೆ ಮಂದವಾಗಿದ್ದರೆ ಪೊರೆಗಳ ನಡುವೆ ನೀರು ತುಂಬಿರುವ ಸಾಧ್ಯತೆ. ಡೊಳ್ಳಿನಂತೆ ಟೊಳ್ಳಾಗಿ ಮೊಳಗಿದರೆ ಗಾಳಿ ಸೇರಿಕೊಂಡು ಶ್ವಾಸಕೋಶ ಕುಸಿದಿರುವ ಸಾಧ್ಯತೆ. ಎರಡರಲ್ಲಿಯೂ ಆಲಿಸಿದಾಗ ಕೇಳುವುದು ಒಂದೇ, ಅಂದರೆ ಏನೂ ಇಲ್ಲ.

ಸ್ವರ ಪರೀಕ್ಷೆಯೂ ಇಲ್ಲಿ ಉಪಯುಕ್ತ. ರೋಗಿಯಿಂದ 'ಒಂದು, ಒಂದು' ಅಥವಾ 'ತೊಂಬತ್ತೊಂಬತ್ತು' ಎಂದು ಹೇಳಿಸುತ್ತಾ ಎರಡೂ ಪಾರ್ಶ್ವಗಳಲ್ಲಿ ಆಲಿಸಿದರೆ ನೀರು ಅಥವಾ ಗಾಳಿ ತುಂಬಿದ ಕಡೆ ಧ್ವನಿ ಕ್ಷೀಣಿಸುತ್ತದೆ, ಗಟ್ಟಿಯಾದ ಕಡೆ ಕಿವಿಯಲ್ಲೇ ನುಡಿದಂತೆ ಸ್ಪಷ್ಟವಾಗುತ್ತದೆ. ಗಟ್ಟಿಯಾದ ಭಾಗದ ಮೇಲೆ 'ಈ' ಎಂಬ ಸ್ವರ ಮೇಕೆಯ ಕೂಗಿನಂತೆ 'ಏ' ಎಂದು ಕೇಳುವುದೂ ಉಂಟು.

ಮಕ್ಕಳಲ್ಲಿ

ಅಳುವ ಕೂಸಿನ ಎದೆಯನ್ನು ಆಲಿಸುವುದು ಕಷ್ಟ, ಮೂಗಿನ ಶಬ್ದವೇ ಎದೆಯಲ್ಲೆಲ್ಲ ಮೊಳಗುತ್ತದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯು ಕೆಮ್ಮಿರುವ ಮಕ್ಕಳಲ್ಲಿ ಆಲಿಸುವುದಕ್ಕಿಂತ ಎಣಿಸುವುದಕ್ಕೆ ಪ್ರಾಧಾನ್ಯ ನೀಡುತ್ತದೆ. ಮಗು ಶಾಂತವಾಗಿರುವಾಗ ಪೂರ್ತಿ 1 ನಿಮಿಷ ಉಸಿರನ್ನು ಎಣಿಸಬೇಕು. 2 ತಿಂಗಳೊಳಗಿನ ಶಿಶುವಿನಲ್ಲಿ 60 ಅಥವಾ ಹೆಚ್ಚು, 2ರಿಂದ 12 ತಿಂಗಳೊಳಗೆ 50 ಅಥವಾ ಹೆಚ್ಚು, 1ರಿಂದ 5 ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಹಾಲು ಕುಡಿಯದಿರುವುದು, ತುಟಿ ನೀಲಿಯಾಗುವುದು ಹೆಚ್ಚಿನ ಅಪಾಯದ ಚಿಹ್ನೆಗಳು. ಸ್ಟೆತೊಸ್ಕೋಪ್ ಬೇಕಿಲ್ಲದ ಈ ಪರೀಕ್ಷೆಯನ್ನು ಆಶಾ ಕಾರ್ಯಕರ್ತೆಯರೂ ತಾಯಂದಿರೂ ಮಾಡಬಹುದು. ಮಕ್ಕಳ ನ್ಯುಮೋನಿಯಾ ತಡೆಗಾಗಿ ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ 'ಸಾನ್ಸ್' ಅಭಿಯಾನವೂ ಈ ಲಕ್ಷಣಗಳ ಅರಿವಿಗೆ ಒತ್ತು ಕೊಡುತ್ತದೆ.

ತುಮಕೂರು ಜಿಲ್ಲೆಯ ಕ್ಷಯ ಸಮೀಕ್ಷೆ

ಕಿವಿಗೆ ಕೇಳದ ಕಾಯಿಲೆಯ ಬಗ್ಗೆ ತುಮಕೂರು ಜಿಲ್ಲೆಯಿಂದಲೇ ಒಂದು ಮಹತ್ವದ ಪಾಠ ದೊರೆತಿದೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960-61ರಲ್ಲಿ ಈ ಜಿಲ್ಲೆಯ ಹಳ್ಳಿ ಮತ್ತು ಪಟ್ಟಣಗಳಲ್ಲಿ ಕ್ಷಯದ ವ್ಯಾಪ್ತಿಯನ್ನು ತಿಳಿಯಲು ಸಮೀಕ್ಷೆ ನಡೆಸಿತು. ಅದು ಅವಲಂಬಿಸಿದ್ದು ಟ್ಯೂಬರ್ಕ್ಯುಲಿನ್ ಚರ್ಮಪರೀಕ್ಷೆ, ಎಕ್ಸ್‌-ರೇ ಹಾಗೂ ಕಫದ ಪರೀಕ್ಷೆಯನ್ನು, ಸ್ಟೆತೊಸ್ಕೋಪನ್ನಲ್ಲ. ಸಮೀಕ್ಷೆಯಲ್ಲಿ ಪತ್ತೆಯಾದ ರೋಗಿಗಳನ್ನು ಕುರಿತು ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿದ ಸಾಮಾಜಿಕ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾಯಿತು. ಹಳ್ಳಿಯ ಜನರಿಗೆ ತಮ್ಮ ಕಾಯಿಲೆಯ ಅರಿವಿಲ್ಲ ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯವಾಗಿತ್ತು. ಅಧ್ಯಯನ ಕಂಡದ್ದು ಬೇರೆ: ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುಪಾಲು ಜನ ಲಕ್ಷಣಗಳನ್ನು ಗುರುತಿಸಿಕೊಂಡಿದ್ದರು, ಸುಮಾರು ಅರ್ಧದಷ್ಟು ಜನ ಅದಾಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು. ಅಂಥವರು ರೋಗ ಪತ್ತೆಯಾಗದೆ ಕೆಮ್ಮಿನ ಔಷಧದ ಸೀಸೆ ಹಿಡಿದು ಮನೆಗೆ ಮರಳುವುದು ಸಾಮಾನ್ಯವಾಗಿತ್ತು. ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಪರೀಕ್ಷಿಸುವ ಕ್ರಮವನ್ನು 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಅಳವಡಿಸಿಕೊಂಡಿತು, ಮತ್ತು ಅದರ ಹಿನ್ನೆಲೆಯಲ್ಲಿ ತುಮಕೂರಿನ ಈ ಕೆಲಸವಿದೆ.

ಆಲಿಸುವವರಿಗೆ ಇದರಲ್ಲಿರುವ ಎಚ್ಚರಿಕೆ ನೇರವಾದುದು. ಶ್ವಾಸಕೋಶದ ಕ್ಷಯವಿದ್ದೂ ಎದೆಯ ಶಬ್ದಗಳು ಪೂರ್ತಿ ಸಹಜವಾಗಿರಬಹುದು. 2 ವಾರ ಮೀರಿದ ಕೆಮ್ಮು ಇದ್ದರೆ 'ಎದೆ ಚೆನ್ನಾಗಿದೆ' ಎಂಬ ಮಾತಿಗೆ ತೃಪ್ತರಾಗದೆ ಕಫದ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಹೊಗೆ ಮತ್ತು ದೂಳು

ಕಲ್ಲು ಒಡೆಯುವ, ಅದಿರು ಅಗೆಯುವ ಕೆಲಸಗಾರರನ್ನು ಬಾಧಿಸುವ ಸಿಲಿಕೋಸಿಸ್ ಕೂಡ ಇಂತಹದೇ. ಆರಂಭದ ಹಂತದಲ್ಲಿ ಎದೆಯಲ್ಲಿ ಯಾವ ಅಸಹಜ ಶಬ್ದವೂ ಇಲ್ಲದೆ ಎಕ್ಸ್‌-ರೇಯಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು. ಗುಬ್ಬಿ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಗಣಿಗಾರಿಕೆ ನಡೆದಿರುವುದರಿಂದ ಈ ಭಾಗದ ರೋಗಿಗಳ ವಿಚಾರಣೆಯಲ್ಲಿ ಮಾಡುವ ಕೆಲಸದ ಬಗ್ಗೆ ಕೇಳುವುದು ಎದೆ ಆಲಿಸುವಷ್ಟೇ ಅಗತ್ಯ. ಸಿಲಿಕಾ ದೂಳು ಕ್ಷಯ ತಗಲುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ತೆಂಗಿನ ಮಟ್ಟೆ, ಚಿಪ್ಪು, ಸೌದೆಗಳ ಒಲೆಯ ಮುಂದೆ ವರ್ಷಗಟ್ಟಲೆ ಅಡುಗೆ ಮಾಡಿದ ಹೆಂಗಸರಲ್ಲಿ ಬೀಡಿ, ಸಿಗರೇಟು ಮುಟ್ಟದಿದ್ದರೂ ಸಿ.ಒ.ಪಿ.ಡಿ. ಬರುತ್ತದೆ, ಅವರ ಎದೆಯಲ್ಲಿ ಕೇಳುವುದು ಹಲವು ಸಲ ವೀಜ್‌ಗಿಂತ ಎಲ್ಲೆಡೆ ತಗ್ಗಿದ ಉಸಿರಿನ ಶಬ್ದ ಹಾಗೂ ಎಳೆದುಕೊಂಡ ನಿಶ್ವಾಸ. ಬೂಷ್ಟು ಹಿಡಿದ ಹುಲ್ಲಿನ ದೂಳು ಕೆಲವರಲ್ಲಿ ಅಲರ್ಜಿಯ ಶ್ವಾಸಕೋಶ ಉರಿಯೂತವನ್ನು ಉಂಟುಮಾಡುತ್ತದೆ. ಕ್ರ್ಯಾಕಲ್‌ಗಳ ನಡುವೆ ಉಚ್ಛ್ವಾಸದಲ್ಲಿ ಚುಟುಕಾದ ಕೀರಲು ನಾದ ಕೇಳುವುದು ಅದರ ಒಂದು ಲಕ್ಷಣ.

ಇಂತಹ ಹುಲ್ಲಿನ ದೂಳು ಲಾಯದಲ್ಲಿ ಕಟ್ಟಿದ ಕುದುರೆಗಳಿಗೂ ಆಸ್ತಮಾವನ್ನು ಹೋಲುವ ಕಾಯಿಲೆ ತರುತ್ತದೆ. ಆದ್ದರಿಂದ ಕುಣಿಗಲ್‌ನ ಹೆಸರಾಂತ ಫಾರಂನಂತಹ ಕುದುರೆ ಸಾಕಣೆಯ ತಾಣಗಳಲ್ಲಿ ಮೇವಿನ ಗುಣಮಟ್ಟ ಉಸಿರಾಟದ ವಿಷಯವೂ ಹೌದು. ಆಳವಾಗಿ ಉಸಿರಾಡಿ ಎಂದು ಕುದುರೆಗೆ ಹೇಳಲಾಗದ ಕಾರಣ ಪಶುವೈದ್ಯರು ಅದರ ಮೂತಿಗೆ ಸ್ವಲ್ಪ ಹೊತ್ತು ಚೀಲ ಹಿಡಿದು, ಉಸಿರು ತಾನಾಗಿ ಆಳವಾಗುವಂತೆ ಮಾಡಿ ಆಲಿಸುತ್ತಾರೆ.

ಹೆಸರುಗಳ ಗೊಂದಲ ಮತ್ತು ಹೊಸ ಉಪಕರಣಗಳು

ಒಂದೇ ಶಬ್ದವನ್ನು ಒಬ್ಬ ವೈದ್ಯರು ರಾಂಕೈ ಎಂದೂ ಮತ್ತೊಬ್ಬರು ವೀಜ್ ಎಂದೂ ಬರೆಯುವುದು ಹಳೆಯ ಸಮಸ್ಯೆ. ಹಳೆಯ ಪುಸ್ತಕಗಳಲ್ಲಿ ಕ್ರ್ಯಾಕಲ್‌ಗೆ ರಾಲ್ಸ್, ಕ್ರೆಪಿಟೇಶನ್ ಎಂಬ ಹೆಸರುಗಳೂ ಇವೆ. ಶಬ್ದಗಳ ವೈಜ್ಞಾನಿಕ ಅಧ್ಯಯನಕ್ಕಾಗಿ 1976ರಲ್ಲಿ ಅಂತರರಾಷ್ಟ್ರೀಯ ಶ್ವಾಸಕೋಶ ಶಬ್ದ ಸಂಘ ಆರಂಭವಾಯಿತು. ಯುರೋಪಿನ ಶ್ವಾಸಕೋಶ ತಜ್ಞರ ಸಂಸ್ಥೆ ಶಬ್ದಗಳ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸಿ ಏಕರೂಪದ ಹೆಸರುಗಳನ್ನು ಸೂಚಿಸಿದೆ. ಹೆಸರು ನೆನಪಾಗದಿದ್ದಾಗ ಕೇಳಿದ್ದನ್ನು ಹಾಗೆಯೇ ವಿವರಿಸಿ ಬರೆಯುವುದು, ಅಂದರೆ ಜಾಗ, ಹಂತ, ಕೆಮ್ಮಿದ ಮೇಲಿನ ಬದಲಾವಣೆ ಇವನ್ನು ದಾಖಲಿಸುವುದು, ತಪ್ಪು ಹೆಸರಿಗಿಂತ ಮುಂದಿನ ವೈದ್ಯರಿಗೆ ಹೆಚ್ಚು ಉಪಯುಕ್ತ. ಈಗ ಬಳಕೆಗೆ ಬರುತ್ತಿರುವ ಡಿಜಿಟಲ್ ಸ್ಟೆತೊಸ್ಕೋಪ್‌ಗಳು ಶಬ್ದವನ್ನು ಮುದ್ರಿಸಿ ಬೇರೆ ಊರಿನ ತಜ್ಞರಿಗೆ ಕಳುಹಿಸಲು ಅನುವು ಮಾಡುತ್ತವೆ. ಬಿಲ್ಲೆಯನ್ನು ಸರಿಯಾದ ಜಾಗದಲ್ಲಿ, ಬರಿಯ ಚರ್ಮದ ಮೇಲೆ, ಎರಡೂ ಪಾರ್ಶ್ವಗಳಲ್ಲಿ ಇಡುವ ಕೆಲಸ ಮಾತ್ರ ರೋಗಿಯ ಬಳಿ ಇರುವವರದ್ದೇ ಆಗಿರುತ್ತದೆ.